ಗುಂಡಿನ ಡಬ್ಬಿ, ಕರಿಗಡಬಿನ ಮುಚ್ಚಳ

ಹಳೇ ಡಬ್ಬಿ ಕೂಡಿಸೋ ಗಂಡನ ಮನ್ಯಾಗ, ಡಬ್ಬಿ ಕಂಡ ಕೂಡ್ಲೆ ಅದರಾಗ ಏನರ ತುಂಬಬೇಕು ಅನ್ನೋ ಹೆಂಡತಿ ಇದ್ರ, ಫಜೀತಿ ಅನ್ನೂದು ಕರೀದನ ಬಂದು ಚಾಪಿ ಹಾಸ್ಕೊಂಡು ಕುಂದ್ರತೈತಿ. ನಮ್ಮನ್ಯಾಗ ಕುಂತದ್ದು ಇನ್ನೂ ಎದ್ದು ಹೋಗಿಲ್ಲ. ಹೇಳಾಕ ನಾಚಿಕಿ ಬರತೈತಿ. ಆದ್ರ ಇಳಕಲ್ಲಿನ ನಮ್ಮ ಓಣಿಯವರು ಈಗಾಗಲೇ ಇದನ್ನ ಉಪ್ಪು ಖಾರ ಹಚ್ಚಿ ಹೇಳ್ಯಾಡತಾರ. ಅವರ ಬಾಯಿಂದ ಕೇಳೂದಕಿಂತ ನನ್ನ ಬಾಯಿಂದ ಕೇಳ್ರಿ, ಖಾರ ಒಂದೀಟು ಕಡಿಮಿ ಇರತೈತಿ.

ನಮ್ಮ ಮನಿಯವರು ನೀರಾವರಿ ಖಾತಿಯೊಳಗ ಪಂಪ್ ನಡಸೋ ಕೆಲಸ ಮಾಡಿ ರಿಟೈರ್ ಆದವರು. ರಿಟೈರ್ ಆದವರು ಕೆಲವರು ಗುಡಿ ಕಟ್ಟಿ ಹಿಡೀತಾರ, ಕೆಲವರು ಇಸ್ಪೀಟ್ ಎಲಿ ಹಿಡೀತಾರ. ಇವರು ಡಬ್ಬಿ ಹಿಡದ್ರು. ಎಂಥಾ ಡಬ್ಬಿ ಅಂತೀರಿ? ಏರ್‌ಗನ್ನಿನ ಗುಂಡಿನ ಡಬ್ಬಿ. ಹಿಂದಕ ನಮ್ಮ ಕಡೆ ಜ್ವಾಳ, ಸೂರ್ಯಕಾಂತಿ ಕಾಯಾಕ, ಗಿಳಿ, ಮಂಗ್ಯಾ ಹೆದರಸಾಕ ಹೊಲದ ಮನ್ಯಾಗ ಒಂದು ಗಾಳಿ ಬಂದೂಕು ಇರತಿತ್ತು. ಅದಕ್ಕ ಹಾಕೋ ಸೀಸದ ಗುಂಡು ಜ್ವಾಳದ ಕಾಳಿನಷ್ಟು. ಅವು ಅಂಗೈಯಾಗ ಹಿಡಿಸೋ ತಗಡಿನ ಡಬ್ಬ್ಯಾಗೋ ರಟ್ಟಿನ ಪೆಟಿಗ್ಯಾಗೋ ಬರತಿದ್ವು. ಗುಂಡು ತೀರಿದ ಮ್ಯಾಲ ಡಬ್ಬಿ ಹೆಣ್ಮಕ್ಕಳ ಪಾಲು. ಕುಂಕುಮಕ್ಕೊಂದು, ಸುಣ್ಣಕ್ಕೊಂದು, ಸೂಜಿ ದಾರಕ್ಕೊಂದು. ಅಂಥಾ ಡಬ್ಬಿ ಹುಡಿಕ್ಕೊಂಡು ಇವರು ಊರೂರು ಅಡ್ಡಾಡಿ, ಮೋಡಕಾ, ಗುಜರಿ ಅಂಗಡಿ ಜಾಲಾಡಿ, ತಂದು ಪಡಸಾಲ್ಯಾಗ ಹಲಗಿ ಮ್ಯಾಲ ಸಾಲಾಗಿ ಇಟ್ಟು, ಯಾವ ಡಬ್ಬಿ ಯಾವ ಕಾಲದ್ದು ಅಂತ ಕಂಡು ಹಿಡೀತಾರ. ಇವರಿಗೆ ಜೋಡಿ ಬಾಗಲಕೋಟಿಯ ಒಬ್ಬರು ರಿಟೈರ್ ಮಾಸ್ತರು. ಇಬ್ಬರೂ ಕುಂತ್ರ ಒಂದು ಡಬ್ಬಿಯ ತಳ ನೋಡಾಕ ಎರಡು ಸಲ ಚಾ ಬೇಕು.

೧. ಹನ್ನೊಂದು ಡಬ್ಬಿಯ ವಯಸ್ಸು

ಪಂಚಮಿ ಹಬ್ಬಕ್ಕ ನಾಲ್ಕು ದಿನ ಉಳದಿತ್ತು. ನಾ ಹಿತ್ತಾಳಿ, ತಾಮ್ರ ಎಲ್ಲಾ ಹಿತ್ತಲಕ್ಕ ಹಾಕ್ಕೊಂಡು, ಹುಣಸಿಹಣ್ಣು, ಬೂದಿ, ತೆಂಗಿನ ನಾರು ತಗೊಂಡು ತಿಕ್ಕಾಕ ಕುಂತಿದ್ದೆ. ಇವರು ಹುನಗುಂದ ಸಂತಿಗಿ ಹೋಗಿದ್ರು. ಕೈಗಿ ಹುರುಪು ಬಂದಿತ್ತು. ತಿಕ್ಕೂ ಸಾಮಾನು ತೀರಿದ್ರೂ ಕೈ ನಿಲ್ಲವಲ್ದು. ತಲಿ ಎತ್ತಿ ನೋಡಿದ್ರ ಹಲಗಿ ಮ್ಯಾಲ ಇವರ ಡಬ್ಬಿ, ಮಾರಿಗಿ ತುಕ್ಕು ಬಡ್ಕೊಂಡು, ತಾಯಿ ಇಲ್ಲದ ಕೂಸಿನಂಗ ಕುಂತಿದ್ವು. ಹಬ್ಬದ ದಿನ ಇವ್ಯಾಕ ಹೊಲಸ ಇರಬೇಕು ಅಂತ ಹನ್ನೊಂದನ್ನೂ ಉಡಿಯಾಗ ಹಾಕ್ಕೊಂಡು ಬಂದೆ.

ತಿಕ್ಕಿದೆ ನೋಡ್ರಿ. ಕಾಗದ ಅಂಟಿಸಿದ್ದು ನೀರಾಗ ನೆನಸಿ ತಗದೆ. ಬಣ್ಣ ಹೋಗೂತನಾ ನಾರು ಆಡಿಸಿದೆ. ಬಿಸಲಿಗಿ ಇಟ್ರ ಕಣ್ಣಿಗಿ ಹೊಡೀತಿದ್ವು. ಇವರು ಬಂದು ನೋಡಿ ಎಷ್ಟು ಖುಷಿ ಪಡತಾರೋ ಅಂತ ಬಾಗಲ ಕಾಯ್ಕೊಂಡು ಕುಂತೆ.

ಇವರು ಬಂದ್ರು. ಒಂದು ಡಬ್ಬಿ ಎತ್ತಿ ತಿರುವಿ ನೋಡಿದ್ರು, ಇಟ್ರು. ಎರಡನೇದು ಎತ್ತಿದ್ರು, ಇಟ್ರು. ಹನ್ನೊಂದೂ ಹಂಗ ನೋಡಿ ಕಟ್ಟಿ ಮ್ಯಾಲ ಹೋಗಿ ಕುಂತ್ರು. ಯಾರರ ತೀರಿಕೊಂಡ ಸುದ್ದಿ ಬಂತೋ ಏನೋ ಅಂತ ನಾ ನೀರು ಒಯ್ದು ಕೊಟ್ಟೆ. ಆವಾಗ ಬಿಡಿಸಿ ಹೇಳಿದ್ರು. ಡಬ್ಬಿಯ ವಯಸ್ಸು ಗೊತ್ತಾಗೂದು ಅದರ ಮ್ಯಾಲಿನ ಬರಹದಿಂದ. ಬೆಲಿ ಆಣೆ ಅಂತ ಇದ್ರ ಆ ಡಬ್ಬಿ ಮುತ್ಯಾ. ನಯೇ ಪೈಸೆ ಅಂತ ಇದ್ರ ಅಪ್ಪ. ಬರೇ ಪೈಸೆ ಇದ್ರ ಮಗ. ವಿಳಾಸದ ಕಡೀಕ ಆರಂಕಿಯ ಪಿನ್‌ಕೋಡ್ ಇದ್ರ ಮೊಮ್ಮಗ. ಪ್ಲಾಸ್ಟಿಕ್ ಮುಚ್ಚಳ ಇದ್ರ ಅದನ್ನ ಮನಿಗಿ ಸೇರಸಬಾರ್ದು. ಬರಹ ಹೋದ್ರ ಮುತ್ಯಾ ಯಾರು, ಮೊಮ್ಮಗ ಯಾರು, ದೇವರಿಗೂ ಗೊತ್ತಾಗೂದಿಲ್ಲ.

"ಹನ್ನೊಂದರ ವಯಸ್ಸೂ ತಗದು ಒಗದಿ," ಅಂದ್ರು, ಭಾಳ ಸಣ್ಣ ದನಿಯಾಗ.

ಬೈದಿದ್ರ ಹಗೂರ ಆಗತಿತ್ತು. ಆ ಸಣ್ಣ ದನಿ ಕೇಳಿ ನೆಲ ಬಾಯಿ ಬಿಟ್ರ ಇಳದು ಹೋಗಬೇಕು ಅನಿಸ್ತು. ಆದ್ರ ನನ್ನ ಬಾಯಿ ನೆಲಕ್ಕಿಂತ ಮೊದಲ ಬಿಡತೈತಿ. "ಬೂದಿ ಹುಣಸಿಹಣ್ಣಿಗಿ ವಯಸ್ಸು ಹೋಗತೈತಿ ಅಂತ ಮೊದಲ ಹೇಳಬಾರ್ದೇನ್ರಿ? ನಾನೂ ಮಾರಿಗಿ ಹಚ್ಕೋತಿದ್ದೆ" ಅಂದೆ.

ಆ ಹಬ್ಬದಾಗ ಇವರು ಉಂಡಿ ಮುಟ್ಟಲಿಲ್ಲ.

೨. ಇಲಿಯ ಮ್ಯಾಲಿನ ಅಪವಾದ

ಹನ್ನೆರಡನೇ ಡಬ್ಬಿ ಟ್ರಂಕಿನ್ಯಾಗ ಇತ್ತು ಅಂತ ನನ್ನ ಕೈಯಿಂದ ಉಳೀತು. ಅದು ನಮ್ಮ ಮಾವನವರ ಡಬ್ಬಿ. ಕೆಂಪು ಬಣ್ಣ. ಮಾವನವರು ಹೊಲ ಕಾಯಾಕ ಮೊದಲನೇ ಸಲ ಬಂದೂಕು ತಂದಾಗ ಅದರ ಜೋಡಿ ತಂದ ಡಬ್ಬಿ. "ಎಂಟಾಣೆ ಕೊಟ್ಟು ತಂದೆ" ಅಂತ ಅವರು ಜೀವ ಇರೂತನಾ ಹೇಳತಿದ್ರು. ಆದ್ರ ಬಾಗಲಕೋಟಿ ಮಾಸ್ತರು ಡಬ್ಬಿಯ ಅಂಚು ಮಡಚಿದ್ದು ನೋಡಿ, ಇದು ಆಣೆ ಕಾಲದ್ದಲ್ಲ, ಪೈಸೆ ಕಾಲದ್ದು, ನಿಮ್ಮ ತಂದಿಯವರು ನೆನಪು ತಪ್ಪಿ ಹೇಳಿರಬೇಕು ಅಂದ್ರು. ಇವರ ಮಾರಿ ಕಪ್ಪಿಟ್ಟಿತು. "ನಮ್ಮಪ್ಪ ಸಾಲಿ ಕಲ್ತಿದ್ದಿಲ್ಲ ಮಾಸ್ತರ. ಸುಳ್ಳನ್ನೂ ಕಲ್ತಿದ್ದಿಲ್ಲ" ಅಂದ್ರು.

ಬೆಲಿ ಇದ್ದದ್ದು ಮುಚ್ಚಳದ ಮ್ಯಾಲ, ತಗಡಿನ್ಯಾಗ ಉಬ್ಬಿಸಿ ಬರದದ್ದು. ಮುಚ್ಚಳ ಸಿಕ್ರ ಸತ್ತ ಅಪ್ಪನ ಮಾತು ಉಳೀತು, ಇಲ್ಲಂದ್ರ ಹೋತು. ಆ ಮುಚ್ಚಳ ಎಲ್ಲೈತಿ ಅಂತ ಇವರು ನನ್ನ ಕೇಳಿದ್ರು.

ಇಲ್ಲಿ ನನ್ನ ಪಾಪ ಐತಿ. ಆ ಮುಚ್ಚಳ ನಾ ಸೊಸಿ ಆಗಿ ಬಂದ ವರ್ಷ ನಮ್ಮತ್ತಿ ನನ್ನ ಕೈಗಿ ಕೊಟ್ಟಿದ್ಲು. ಲಟ್ಟಿಸಿದ ಹಿಟ್ಟಿನ ಮ್ಯಾಲ ಅದನ್ನ ಬೋರಲ ಇಟ್ಟು ಒತ್ತಿದ್ರ ಕರಿಗಡಬಿಗಿ ಹೇಳಿ ಮಾಡಿಸಿದಂಗ ದುಂಡಗ ಬರತಿತ್ತು. ಸಾವಿರಗಟ್ಟಲೆ ಕರಿಗಡಬು ಅದರಿಂದ ಕತ್ತರಿಸೇನಿ. ಮ್ಯಾಲ ಏನೋ ಉಬ್ಬಿದ್ದು ಬೆರಳಿಗಿ ಹತ್ತತಿತ್ತು. ಅದು ಅಕ್ಷರ ಅಂತ ಗೊತ್ತಿತ್ತು, ಏನಕ್ಷರ ಅಂತ ಗೊತ್ತಿದ್ದಿಲ್ಲ. ನಾ ಸಾಲಿ ಕಟ್ಟಿ ಹತ್ತಿದಾಕಿ ಅಲ್ಲ. ಒಂದು ಸಲ ನಮ್ಮಕ್ಕನ ಮನಿಯವರ ಜೋಡಿ ಕಮತಗಿ ಕಡೆಯ ಒಂದು ಹಳ್ಳ್ಯಾಗ ಬೀರಪ್ಪನ ಗುಡಿಗಿ ಎಡಿ ಮಾಡಾಕ ಹೋಗಿದ್ದೆ. ಅಲ್ಲೇ ಒಲಿ ಹೂಡಿ ಕರಿಗಡಬು ಮಾಡಿದ್ವಿ. ಮನಿಗಿ ಬಂದು ನೋಡಿದ್ರ ಬುಟ್ಟ್ಯಾಗ ಮುಚ್ಚಳ ಇಲ್ಲ. ಗುಡ್ಯಾಗ ಬಿತ್ತೋ, ದಾರ್ಯಾಗ ಬಿತ್ತೋ. ಆವಾಗ ಅದು ಬರೇ ಮುಚ್ಚಳ. ಮರುದಿನದಿಂದ ಸ್ಟೀಲ್ ವಾಟಗದಿಂದ ಕತ್ತರಿಸಿದೆ, ಮರತೆ.

ಇವರು ಕೇಳಿದಾಗ ಖರೆ ಹೇಳಬೇಕಿತ್ತು. ಆದ್ರ ಹನ್ನೊಂದು ಡಬ್ಬಿ ತಿಕ್ಕಿದ ಗಾಯ ಇನ್ನೂ ಹಸಿ ಇತ್ತು. "ಇಲಿ ಒಯ್ದಿರಬೇಕು ನೋಡ್ರಿ" ಅಂದುಬಿಟ್ಟೆ.

ಪಂಪಿನ ಕೆಲಸದವರಿಗೆ ಎಲ್ಲೆ ಸೋರತೈತಿ ಅಂದ್ರೂ ಅಲ್ಲಿ ಅಗದು ನೋಡೂದು ಚಟ. ಬೋನು ತಂದ್ರು. ಬೋನಿಗಿ ಇಲಿ ಬಿದ್ವು, ಮುಚ್ಚಳ ಬೀಳಲಿಲ್ಲ. ಕಡೀಕ ಹಾರಿ ತಗೊಂಡು ಅಡಗಿ ಮನಿ ಮೂಲ್ಯಾಗಿನ ಬಿಲ ಅಗದ್ರು. ಮಣಕಾಲಮಟ ಅಗದು, ಒಳಗ ಕೈ ಹಾಕಿ ಏನೋ ಹೊರಗ ತಗದು ನನ್ನ ಮುಂದ ಹಿಡದ್ರು. ನನ್ನ ಕಿವಿಯ ಬಂಗಾರದ ಬೆಂಡ್ವಾಲಿ. ಮೂರು ವರ್ಷದ ಹಿಂದ ಕಳದಿತ್ತು. ಎದುರು ಮನ್ಯಾಕಿ ಕದ್ದಾಳ ಅಂತ ನಾ ಆಕಿ ಜೋಡಿ ಮಾತು ಬಿಟ್ಟು, ಓಣಿ ತುಂಬ ಹೇಳಿದ್ದೆ.

ಸೆರಗಿನ್ಯಾಗ ಸಕ್ರಿ ಕಟ್ಕೊಂಡು ಆಕಿ ಮನಿಗಿ ಹೋದೆ. ನಡದದ್ದು ಹೇಳಿ ತಪ್ಪಾತು ಅಂದೆ. ಆಕಿ ಸಕ್ರಿ ತಗೊಂಡ್ಲು, ಬಾಯಿಗಿ ಹಾಕ್ಕೊಂಡ್ಲು, ನಿಧಾನಕ್ಕ ಕೇಳಿದ್ಲು: "ವೈನಿ, ಇಲಿ ಜೋಡಿ ಎಷ್ಟು ವರ್ಷ ಮಾತು ಬಿಡೂದು ಮತ್ತ?"

೩. ಬಾದಾಮಿಯ ಮಂಗ್ಯಾ

ಬಾದಾಮ್ಯಾಗ ಒಬ್ಬರ ಹತ್ರ ಕೆಂಪು ಮುಚ್ಚಳ ಒಂದು ಐತಿ ಅಂತ ಸುದ್ದಿ ಬಂತು. ನಮ್ಮದರಂಥಾದ್ದ ಇದ್ರ ಅದರ ಬೆಲಿ ಓದಿ ಮಾಸ್ತರಿಗೆ ತೋರಿಸಬೌದು ಅಂತ ಇವರು ಹೊಂಟ್ರು. ಬರೇ ಕೈಲೆ ಹೋದ್ರ ಅವರು ತೋರಸಲಿಕ್ಕಿಲ್ಲ ಅಂತ, ಬೇವೂರಿನ್ಯಾಗ ಹೊಸದಾಗಿ ಸಿಕ್ಕ ನಯೇ ಪೈಸೆ ಡಬ್ಬಿ ಬದಲಿಗಿ ಕೊಡಾಕ ತಗದಿಟ್ಟಿದ್ರು. ನಾನೂ ಬರ್ತೇನಿ ಅಂದೆ. ಮುಚ್ಚಳ ಅಂದ್ರ ನನ್ನ ಎದಿಯೂ ಹೊಡಕೋತಿತ್ತಲ್ಲ.

ಮುಂಜಾನಿ ಗಡಿಬಿಡ್ಯಾಗ ರೊಟ್ಟಿ ಕಟ್ಟಿದೆ. ಶೇಂಗಾ ಹಿಂಡಿ, ಅಂದ್ರ ಬಳ್ಳೊಳ್ಳಿ ಹಾಕಿ ಕುಟ್ಟಿದ ಚಟ್ನಿಪುಡಿ, ಹಾಕಾಕ ಬಿಗಿಮುಚ್ಚಳದ್ದೊಂದು ಬೇಕಾಗಿತ್ತು. ಚೀಲದ ಹತ್ರ ಒಂದು ಖಾಲಿ ಡಬ್ಬಿ ಇತ್ತು. ಸೀಸದ ಗುಂಡಿನ ಡಬ್ಬ್ಯಾಗ ತಿನ್ನೂ ವಸ್ತು ಹಾಕಬಾರ್ದು ಅಂತ ಇವರು ಎಷ್ಟೋ ಸಲ ಹೇಳಿದ್ರು. ಆದ್ರ ಅವಸರದಾಗ ಕೈ ಕಿವಿಯ ಮಾತು ಕೇಳೂದಿಲ್ಲ.

ಬಾದಾಮಿ ಬಸ್ ಇಳದು ಓಣ್ಯಾಗ ಹೊಂಟಿದ್ವಿ. ಮಾಳಗಿ ಮ್ಯಾಲಿಂದ ಒಂದು ದೊಡ್ಡ ಮಂಗ್ಯಾ ಇಳದು, ಚೀಲದಾಗ ಕೈ ಹಾಕಿ, ರೊಟ್ಟಿ ಬಿಟ್ಟು ಡಬ್ಬಿ ತಗೊಂಡು ಹೋತು. ಡಬ್ಬಿ ಕಂಡು ಇವರ ಜೀವ ಹಾರಿತು. ಅದರಾಗ ಏನೈತಿ ಅಂತ ಅದಕ್ಕ ಬೇಕು ಅಂತ ನನ್ನ ಕೇಳಿದ್ರು. ನಾ ಆಕಾಶ ನೋಡಿದೆ. ಮಂಗ್ಯಾ ಬಾಜೂಕಿನ ಹೊಂಡದ ಗ್ವಾಡಿ ಮ್ಯಾಲ ಕುಂತು, ಮುಚ್ಚಳ ತಗದು, ಒಂದು ಹಿಡಿ ಹಿಂಡಿ ಬಾಯಿಗಿ ಒಗಕೊಂತು. ನನ್ನ ಹಿಂಡಿಗಿ ಖಾರ ಜಾಸ್ತಿ. ಅದು ಎರಡು ಸಲ ಸೀನಿ, ಡಬ್ಬಿ ಒಂದು ಕಡೆ, ಮುಚ್ಚಳ ಒಂದು ಕಡೆ ಒಗದು, ನಮ್ಮ ಕಡೆ ನೋಡಿ ಹಲ್ಲು ಕಿಸಿದು ಹೋತು. ಹೊಂಡದ ಮೆಟ್ಟಲ ಮ್ಯಾಲ ಅರಿವಿ ಒಗೀತಿದ್ದ ಹೆಣ್ಮಕ್ಕಳು ಎರಡನ್ನೂ ನೀರಿಂದ ತಗದು ಕೊಟ್ರು.

ಆ ಮನುಷ್ಯಾರ ಮನಿ ಮುಟ್ಟಿದ್ವಿ. ಅವರ ಮುಚ್ಚಳ ಕೆಂಪಗಿತ್ತು ಖರೆ, ಬ್ಯಾರೆ ಜಾತಿದು, ಪ್ಲಾಸ್ಟಿಕ್. ಅವರು ನಮ್ಮ ಡಬ್ಬಿ ಇಸ್ಕೊಂಡು, ಮೂಗಿನ ಹತ್ರ ಹಿಡದು, ಕಣ್ಣು ಮುಚ್ಚಿ ವಾಸನಿ ತಗೊಂಡ್ರು.

"ಬಳ್ಳೊಳ್ಳಿ ವಾಸನಿ ಬರತೈತಿ. ಇದು ಯಾವ ಕಾಲದ್ದು ಅಂತೀರಿ?"

ಇವರು ನನ್ನ ಕಡೆ ನೋಡದನ ಹೇಳಿದ್ರು: "ಇವತ್ತ ಮುಂಜಾನಿದು."

೪. ಅತ್ತಿಯವರ ಮದುವಿ

ಒಂದು ದಿನ ಹುನಗುಂದದಿಂದ ಕಾಲೇಜಿನ್ಯಾಗ ಪಾಠ ಮಾಡೋ ಹೆಣ್ಮಗಳೊಬ್ಬಾಕಿ ಡಬ್ಬಿ ನೋಡಾಕ ಬಂದ್ಲು. ಇವರು ಮನ್ಯಾಗಿದ್ದಿಲ್ಲ. ಆಮ್ಯಾಲ ಬರ್ರಿ ಅಂದಿದ್ರ ಮುಗೀತಿತ್ತು. ಆದ್ರ ಆಕಿ ನನ್ನ ಕಾಲು ಮುಟ್ಟಿ, "ಅಮ್ಮಾರ, ನಿಮಗೂ ಎಲ್ಲಾ ಗೊತ್ತಿರಬೇಕಲ್ರಿ" ಅಂದ್ಲು. ಹಂಗ ಅಂದ ಮ್ಯಾಲ ಗೊತ್ತಿಲ್ಲ ಅನ್ನಾಕ ನಾಲಿಗಿ ಹೊಳ್ಳಬೇಕಲ್ಲ. ತಿಕ್ಕಿ ತಿಕ್ಕಿ ಹಾಳ ಮಾಡಿದಾಕಿ ಅಂತ ಓಣ್ಯಾಗ ಹೆಸರಾಗಿತ್ತು. ಒಬ್ಬರ ಮುಂದರ ಶಾಣ್ಯಾಕಿ ಆಗೂಣು ಅನಿಸ್ತು.

ನಾ ತಿಕ್ಕಿದ ಮ್ಯಾಲ ಇವರು ಹೊಸದಾಗಿ ಕೂಡಿಸಿದ ಡಬ್ಬಿ ಒಂದೊಂದ ತಗದು ತೋರಿಸಿದೆ. ಇದು ಮುತ್ಯಾ, ಇದು ಮಗ ಅಂತ ಇವರು ಹೇಳಿದ್ದನ್ನ ನೆನಪಿದ್ದಷ್ಟು ಹೇಳಿದೆ. ನೆನಪು ತೀರಿದ ಮ್ಯಾಲ ಕಥಿ ಸುರು ಆತು. ಒಂದು ಹಸರು ರಟ್ಟಿನ ಪೆಟಿಗಿ ಭಾಳ ಮಾಸಿತ್ತು. ಮಾಸಿದ್ದೆಲ್ಲಾ ಹಳೇದು ಅಂತ ನನ್ನ ತಿಳುವಳಿಕಿ. "ಇದರಾಗ ನೋಡವ್ವಾ, ನಮ್ಮತ್ತಿ ಮದುವ್ಯಾಗ ಅರಿಶಿಣದ ಕೊಂಬು ತಗೊಂಡು ಬಂದಿದ್ಲು. ಆ ಕಾಲದ್ದಿದು" ಅಂತ ಹೇಳಿ, ಕಣ್ಣಿಗಿ ಸೆರಗು ಬ್ಯಾರೆ ಹಚ್ಚಿದೆ. ಆಕಿಯೂ ಪಾಪ ಕಣ್ಣು ಒರಸ್ಕೊಂಡ್ಲು. ಆಮ್ಯಾಲ ಪೆಟಿಗಿ ತಿರುವಿ ತಳ ಓದಿದ್ಲು. ಭಾಳ ಹೊತ್ತು ಓದಿದ್ಲು.

"ಅಮ್ಮಾರ, ಇದಕ್ಕ ಪಿನ್‌ಕೋಡ್ ಐತ್ರಿ," ಅಂದ್ಲು. "ನಿಮ್ಮ ಮದುವಿ ಯಾವಾಗ ಆಗಿತ್ತು?"

ಹೇಳಿದೆ. ಆಕಿ ಬೆರಳು ಮಡಚಿ ನೋಡಿ, ನಕ್ರ ನನಗ ಬ್ಯಾಸರ ಆದೀತು ಅಂತ ತುಟಿ ಕಚ್ಚಿ ಹಿಡದು ಅಂದ್ಲು: "ಹಂಗಾದ್ರ ನಿಮ್ಮ ಅತ್ತಿಯವರ ಮದುವಿಗಿ ನೀವ ಅರಿಶಿಣ ಹಚ್ಚಿರಬೇಕು ನೋಡ್ರಿ."

ಅವತ್ತ ರಾತ್ರಿ ಇವರಿಗೆ ಹೇಳಿದೆ, ನನಗ ಅಕ್ಷರ ಕಲಸ್ರಿ ಅಂತ. ಪಾಟಿ ಬ್ಯಾ‌ಡ ಅಂದ್ರು. ಡಬ್ಬಿ ಮ್ಯಾಲಿನ ಅಂಕಿಯಿಂದ ಸುರು ಮಾಡಿ, ಆಮ್ಯಾಲ ಮಾಸ್ತರು ಕನ್ನಡದಾಗ ಬರದಿಟ್ಟ ಡಬ್ಬಿಗಳ ಪುಸ್ತಕಕ್ಕ ಬಂದ್ವಿ. ಈ ವಯಸ್ಸಿನ್ಯಾಗ ನಾ ಓದಾಕ ಕಲ್ತದ್ದು ನಾಚಿಕಿಗಂಜಿ.

೫. ಬೀರಪ್ಪನ ಭಂಡಾರ

ಹೋದ ವರ್ಷ ಮಾಸ್ತರು ಒಂದು ಸುದ್ದಿ ತಂದ್ರು. ಕಮತಗಿ ಕಡೆಯ ಒಂದು ಹಳ್ಳ್ಯಾಗ ಬೀರಪ್ಪನ ಗುಡಿ ಐತಿ, ಅಲ್ಲಿ ಪೂಜಾರಿ ಭಂಡಾರ, ಅಂದ್ರ ದೇವರ ಅರಿಶಿಣ ಪುಡಿ, ಇಡೂದು ಏರ್‌ಗನ್ನಿನ ಗುಂಡಿನ ಡಬ್ಬ್ಯಾಗ ಅಂತ. ಭಾಳ ಹಳೇದಂತ. ಹೋಗಿ ನೋಡೂಣು ಅಂದ್ರು. ಊರ ಹೆಸರು ಕೇಳಿದ ಕೂಡ್ಲೆ ನನಗ ಗುರ್ತು ಹತ್ತಿತು. ಅದು ನಮ್ಮಕ್ಕನ ಮನಿಯವರು ಎಡಿ ಮಾಡಿದ ಗುಡಿ. ಮನ್ಯಾಗ ಕುಂತು ಸಾಯೂದಕಿಂತ ಅಲ್ಲೇ ಹೋಗಿ ಸಾಯೂಣು ಅಂತ ನಾನೂ ಹೊಂಟೆ.

ಕಮತಗಿತನಾ ಬಸ್ಸು, ಅಲ್ಲಿಂದ ಟಂಟಂ ಗಾಡಿ. ಪೂಜಾರಿ ನಮ್ಮನ್ನ ಛಲೋ ಮಾತಾಡಿಸಿ ಒಳಗ ಕರಕೊಂಡು ಹೋದ. ಅವನ ಮುದಿ ತಾಯಿ ಮೂಲ್ಯಾಗ ಗ್ವಾಡಿಗಿ ಬೆನ್ನು ಕೊಟ್ಟು ಶೇಂಗಾ ಸುಲೀತಿದ್ಲು. ದೇವರ ಮುಂದ ಡಬ್ಬಿ ಇತ್ತು. ಡಬ್ಬಿ ಹಸರು. ಅದರ ಮ್ಯಾಲಿನ ಮುಚ್ಚಳಕ್ಕ ಎಣ್ಣಿ, ಅರಿಶಿಣ ಹತ್ತಿ ಹತ್ತಿ ಗಿಲಾವ ಮಾಡಿದಂಗ ಆಗಿತ್ತು. ಒಂದು ಕಡೆ ಅಂಚಿನ್ಯಾಗ ಮಾತ್ರ ಅರಿಶಿಣ ಉದರಿ ಕೆಂಪು ಕಾಣತಿತ್ತು. ಆ ಅಂಚು ನನ್ನ ಬೆರಳಿಗಿ ಗೊತ್ತು. ಇವರೂ ಅದನ್ನ ನೋಡಿದ್ರು. ಬಾಗಿ ನೋಡಿದ್ರು.

ಪೂಜಾರಿ ಹೇಳಾಕ ಸುರು ಮಾಡಿದ. ಡಬ್ಬಿ ಅವರ ಮುತ್ಯಾನ ಕಾಲದ್ದಂತ, ಮುಚ್ಚಳ ಇದ್ದಿಲ್ಲಂತ, ಬಟ್ಟಿ ಕಟ್ಟತಿದ್ರಂತ. ಒಂದು ಅಮಾಸಿ ಮರುದಿನ ಬಾಗಲ ತಗದ್ರ ಹೊಸ್ತಿಲ ಹತ್ರ ಈ ಮುಚ್ಚಳ ಇತ್ತಂತ. ಇಟ್ಟು ನೋಡಿದ್ರ ಅಳತಿ ತಗೊಂಡು ಮಾಡಿಸಿದಂಗ ಕುಂತಿತಂತ. ಬೀರಪ್ಪ ತನ್ನ ಭಂಡಾರಕ್ಕ ತಾನ ಮುಚ್ಚಳ ತಂದ ಅಂತ ಸುತ್ತಿನ ಹಳ್ಳಿಯವರು ಅದಕ್ಕ ಹಣಿ ಹಚ್ಚಿ ಹೋಗತಾರಂತ.

ಮಾಸ್ತರು ಕಣ್ಣಿಲೆ ಇವರಿಗೆ ಸನ್ನಿ ಮಾಡಿದ್ರು, ಕೇಳು ಅಂತ. ಇವರು ತಲಿ ಅಲ್ಲಾಡಿಸಿದ್ರು. ದೇವರ ಹತ್ರ ಇರೂದನ್ನ ನಂದು ಅನ್ನೂದು ಹೆಂಗ? ಎರಡೂ ಕೈ ಮುಗದು ನಿಂತ್ರು. ಕಣ್ಣು ಮಾತ್ರ ಮುಚ್ಚಳದ ಮ್ಯಾಲ. ಅಪ್ಪನ ಮಾತು ಒಂದು ಮಾರು ದೂರದಾಗ ಐತಿ, ಅರಿಶಿಣದ ಕೆಳಗ ಐತಿ, ಮುಟ್ಟಾಕ ಬರೂದಿಲ್ಲ. ಅವರು ಹಂಗ ನಿಂತದ್ದು ನೋಡಿದ ಮ್ಯಾಲ ನನ್ನ ಕಡಿಂದ ತಡಕೊಳ್ಳಾಕ ಆಗಲಿಲ್ಲ.

"ಯಪ್ಪಾ, ಅದನ್ನ ಬೀರಪ್ಪ ತಂದದ್ದಲ್ಲ. ನಾ ಬಿಟ್ಟು ಹೋದದ್ದು. ಕರಿಗಡಬು ಕತ್ತರಿಸೋ ಮುಚ್ಚಳ ಅದು," ಅಂದೆ. ಆಮ್ಯಾಲ ಇವರ ಕಡೆ ತಿರುಗಿದೆ. "ಇಲಿ ಒಯ್ದದ್ದು ಸುಳ್ಳರಿ."

ಪೂಜಾರಿ ಬಾಯಿ ತಗದಾಂವ ಮುಚ್ಚಲಿಲ್ಲ. ಇವರು ನನ್ನ ಕಡೆ ತಿರುಗಿ ಕೇಳಿದ್ದು ಇಷ್ಟ: "ಮಣಕಾಲಮಟ ಅಗದೆನಲ್ಲ. ಒಂದು ಮಾತು ಹೇಳಬಾರ್ದಾಗಿತ್ತೇನು?"

ನಾ ಸೆರಗಿಲೆ ಮಾರಿ ಮುಚ್ಕೊಂಡು ಕುಂತೆ. ಆವಾಗ ಮೂಲ್ಯಾಗಿನ ಮುದುಕಿ ಶೇಂಗಾ ಸುಲಿಯೂದು ನಿಲ್ಲಿಸಿ ನಗಾಕತ್ತಿದ್ಲು. ತನಗ ಮೊದಲಿಂದ ಗೊತ್ತಿತ್ತಂತ, ಯಾರೋ ಅಡಗಿಯವರ ಮುಚ್ಚಳ ಅಂತ. ಯಾಕಂದ್ರ ಒಳಗ ಹಿಟ್ಟು ಮೆತ್ಗೊಂಡಿತ್ತು. ಹಂಗಾದ್ರ ನನಗ್ಯಾಕ ಹೇಳಲಿಲ್ಲವ್ವಾ ಅಂತ ಮಗ ಕೇಳಿದ.

"ಹೇಳೂದೇನೈತೋ? ದೇವರು ಏನರ ಕಳಿಸಬೇಕಂದ್ರ ಯಾರದರ ಕೈಲೆ ಕಳಸತಾನ. ಪೋಸ್ಟಿಗಿ ಹಾಕತಾನೇನು?" ಅಂದ್ಲು. ಆಮ್ಯಾಲ ನನ್ನ ಕಡೆ ತಿರುಗಿ, "ಆದ್ರ ತಂಗೆವ್ವಾ, ನಿನ್ನ ಹಿಟ್ಟು ಭಾಳ ಸಡ್ಲ ಇತ್ತು ನೋಡು. ಉಗರಿಲೆ ಕೆರದು ತಗೀಬೇಕಾತು. ತಗದ್ರ ಹಿಟ್ಟಿನ ಮ್ಯಾಲ ಇರಿವಿ ಸಾಲಿನಂಗ ಅಕ್ಷರ ಎದ್ದಿದ್ವು. ನನಗ ಓದಾಕ ಬರೂದಿಲ್ಲ, ಆಡಿನ ಬಾಯಿಗಿ ಹಾಕಿದೆ."

ಅಕ್ಷರ ಅಂದ ಕೂಡ್ಲೆ ಮಾಸ್ತರು ಜಿಗದು ನಿಂತ್ರು. ಮುಚ್ಚಳ ಒಂದೀಟು ಒರಸೂಣು ಅಂತ ಕಿಸೆದಿಂದ ಅರಿವಿ ತಗದ್ರು. ಪೂಜಾರಿ ಅಡ್ಡ ಬಂದ. ದೇವರ ಭಂಡಾರ ಹಚ್ಚೂದು ಐತಿ, ಒರಸೂದು ಇಲ್ಲ ಅಂದ. ಮುಚ್ಚಳ ತಿರುವಿ ಒಳಗಿನ ಬಾಜು ತೋರಿಸಿದ. ಒಳಗ ಕಪ್ಪು ತುಕ್ಕು, ಅದರ ಮ್ಯಾಲ ಪುಡಿ. ಮೂವರೂ ಚಸ್ಮಾ ಏರಿಸಿ ಇಳಿಸಿ ನೋಡಿದ್ರು. ಒಂದಕ್ಷರ ಕಾಣಲಿಲ್ಲ.

ನನಗ ಆವಾಗ ತಲಿಗಿ ಹೊಳೀತು. ಮ್ಯಾಲ ಉಬ್ಬಿದ್ದು ಒಳಗ ತಗ್ಗು ಇರತೈತಿ. ತಗ್ಗಿನ್ಯಾಗ ಹಿಟ್ಟು ಹೊಕ್ರ ಮತ್ತ ಉಬ್ಬಿ ಬರತೈತಿ. ಕಣ್ಣಿಗಿ ಕಾಣದ್ದು ಹಿಟ್ಟಿಗಿ ಕಂಡೀತು. ಭಂಡಾರಕ್ಕ ಅರಿವಿ ಮುಟ್ಟಿಸಬಾರ್ದು ಅಂದ್ರ ಬ್ಯಾಡ, ಎಡಿಯ ಹಿಟ್ಟು ಮುಟ್ಟಿಸಿದ್ರ ನಡೀತೈತೇನು ಅಂತ ಕೇಳಿದೆ. ಪೂಜಾರಿ ತಾಯಿ ಮಾರಿ ನೋಡಿದ. ಆಕಿ ಒಳಗ ಹೋಗಿ ಗೋದಿ ಹಿಟ್ಟು ತಂದ್ಲು.

ನಾ ಕಲಸಿದೆ. ಅವಸರಕ್ಕ ನೀರು ಹೆಚ್ಚಾತು. ಒತ್ತಿ ತಗದ್ರ ಹಿಟ್ಟು ಬರೇ ಎಳಿ ಎಳಿ ಎದ್ದಿತು. ಮುದುಕಿ ನನ್ನ ಭುಜ ಹಿಡದು ಬಾಜೂಕ ಸರಿಸಿ, ಹಿಟ್ಟು ಹಾಕಿ, ಕಲ್ಲಿನಂಗ ಗಟ್ಟಿ ನಾದಿ, ಹೆಬ್ಬಟ್ಟಿಲೆ ಮುಚ್ಚಳದ ತುಂಬ ಒತ್ತಿ, ಮೆತ್ತಗ ಎಬ್ಬಿಸಿ ಅಂಗೈ ಮ್ಯಾಲ ಇಟ್ಕೊಂಡ್ಲು. ಹಳದಿ ಹಿಟ್ಟಿನ ಮ್ಯಾಲ ಇಂಗ್ಲೀಷ್ ಅಕ್ಷರ ಎದ್ದಿದ್ವು. ನಡುವ ಒಂದು ಅಂಕಿ. ಆ ಅಂಕಿ ನನಗ ಬರತಿತ್ತು. ಎಂಟು. ಅದರ ಮುಂದಿನ ಅಕ್ಷರ ಮಾಸ್ತರು ಬಾಗಿ ಓದಿದ್ರು. ಎರಡು ಸಲ ಓದಿದ್ರು. ಆಮ್ಯಾಲ ಇವರ ಕಡೆ ತಿರುಗಿ, "ಎಂಟಾಣೆ. ನಿಮ್ಮ ತಂದಿಯವರು ಹೇಳಿದ್ದ ಖರೆ. ನನ್ನದ ತಪ್ಪು" ಅಂದ್ರು.

ಇವರು ಕಂಬ ಹಿಡಕೊಂಡು ಹೊರಗ ನೋಡಿದ್ರು. ಕಣ್ಣಾಗ ಭಂಡಾರ ಬಿತ್ತು ಅಂದ್ರು.

ಮಾಸ್ತರು ಆ ಹಿಟ್ಟು ಆಧಾರಕ್ಕ ಬೇಕು, ಒಣಗಿಸಿ ಇಡತೇನಿ ಅಂತ ಕಾಗದ ಬಿಚ್ಚಿದ್ರು. ಮುದುಕಿ ಕೊಡಲಿಲ್ಲ. ಭಂಡಾರ ಹತ್ತಿದ ಹಿಟ್ಟು ಪ್ರಸಾದ ಆತು, ಅದನ್ನ ಚೀಲದಾಗ ಹಾಕ್ಕೊಂಡು ಬಸ್ಸಿನ್ಯಾಗ ಅಡ್ಡಾಡೂದಲ್ಲ ಅಂದ್ಲು. ಮಾಸ್ತರು ಫೋಟೋ ತಗೀತೇನಿ ತಡೀರಿ ಅಂತ ಕಿಸೆದಾಗ ಮೊಬೈಲ್ ಹುಡುಕೂದ್ರಾಗ ಆಕಿ ಅದನ್ನ ಹಂಚಿನ ಮ್ಯಾಲ ಹಾಕಿ, ಸುಟ್ಟು, ಐದು ತುಂಡು ಮಾಡಿ ಎಲ್ಲರಿಗೂ ಕೊಟ್ಲು. ಆಣೆ ಅಂತ ಬರದಿದ್ದ ತುಂಡು ಮಾಸ್ತರ ಪಾಲಿಗೇ ಬಂತು. ಪ್ರಸಾದ ಬ್ಯಾಡ ಅನ್ನಾಕ ಬರೂದಿಲ್ಲ. ನಮ್ಮ ಮಾವನವರ ಮಾತು ಅವರು ಕಡದು, ಅಗದು, ನುಂಗಿದ್ರು.

ಪೂಜಾರಿ ಭಾಳ ಛಲೋ ಮನುಷ್ಯಾ. ಮುಚ್ಚಳ ನಿಮ್ಮದು, ಒಯ್ಯಿರಿ, ನಾವು ಮೊದಲಿನಂಗ ಬಟ್ಟಿ ಕಟ್ತೇವಿ ಅಂದ. ಇವರು ಮುಚ್ಚಳ ಕೈಯಾಗ ತಗೊಂಡು, ಹಣಿಗಿ ಹಚ್ಚಿ, ಹೊಳ್ಳಿ ಡಬ್ಬಿ ಮ್ಯಾಲ ಇಟ್ರು. "ಇಲ್ಲೇ ಇರಲಿ. ಇಲ್ಲಿದ್ರ ಅರಿಶಿಣ ಹಚ್ಚತಾರ. ನಮ್ಮನಿಗಿ ಬಂದ್ರ ಬೂದಿ ಹಚ್ಚಿ ತಿಕ್ಕತಾಳ" ಅಂದ್ರು. ಎಲ್ಲಾರೂ ನಕ್ರು. ನಾನೂ ನಕ್ಕೆ. ನನ್ನ ಮಾರಿ ತುಂಬ ಭಂಡಾರ ಹಚ್ಚಿದ್ರು, ಅದಕ್ಕ ಒಳಗಿನ ಮಾರಿ ಹೆಂಗಾಗಿತ್ತು ಅಂತ ಯಾರಿಗೂ ಕಾಣಲಿಲ್ಲ.

ವಾರ ಬಿಟ್ಟು ಮಾಸ್ತರು ಬಂದು ಡಬ್ಬಿಗಳ ಪುಸ್ತಕದಾಗ ನಡದದ್ದು ಬರದು ಹೋದ್ರು. ಮಾಸ್ತರ ಬರವಣಿಗಿ ಅಂದ್ರ ಕೋರ್ಟಿನ ಕಾಗದ ಇದ್ದಂಗ, ಒಂದು ಸುಳ್ಳಿಲ್ಲ, ಒಂದು ಬಿಟ್ಟದ್ದಿಲ್ಲ. ಅವರು ಹೋದ ಮ್ಯಾಲ ನಾ ಚಸ್ಮಾ ಹಾಕ್ಕೊಂಡು, ಅಕ್ಷರದ ಮ್ಯಾಲ ಬೆರಳಿಟ್ಟು, ಒಬ್ಬಾಕಿನ ಓದಿದೆ. ಹಿಂಗ ಬರದಿತ್ತು:

"ಕೆಂಪು ತಗಡಿನ ಡಬ್ಬಿ. ಕಾಲ: ಆಣೆಗಳದು. ಆಧಾರ: ಗೋಧಿ ಹಿಟ್ಟಿನ ಅಚ್ಚು. ಅಚ್ಚು ಈಗ ಲಭ್ಯವಿಲ್ಲ, ತಿಂದಾಗಿದೆ. ಮುಚ್ಚಳ: ಬೀರಪ್ಪನ ಬಳಿ. ಕಳೆದವರು: ಮನೆಯಾಕೆ. ಇಲಿ ಅಲ್ಲ. ಷರಾ: ಆಕೆ ಕಲಸಿದ ಹಿಟ್ಟು ಎರಡೂ ಸಲ ಸಡಿಲವಾಗಿತ್ತು."

ಮುಚ್ಚಳ ಕಳದದ್ದು ಬರದ್ರು, ಇರಲಿ. ಇಲಿ ಅಲ್ಲ ಅಂತ ಬರದ್ರು, ಅದೂ ಖರೆ. ಆದ್ರ ಕರಿಗಡಬು ಮಾಡಿ ಮಾಡಿ ಕೈ ಸವದಾಕಿಯ ಹಿಟ್ಟು ಸಡ್ಲ, ಅದೂ ಎರಡೂ ಸಲ, ಅಂತ ಪುಸ್ತಕದಾಗ ಬರೀತಾರೇನ್ರಿ? ಅಕ್ಷರ ಕಲ್ತದ್ದಕ್ಕ ನಾ ಅವತ್ತ ಮೊದಲನೇ ಸಲ ಹಳಹಳಿಸಿದೆ.